ದರ್ಜಿಯಮ್ಮ ಯಾರಿಗೆ ಏನಾಗಬೇಕು ಎಂಬ ಕುರಿತು

ಬಡಾವಣೆ ನಿಯಂತ್ರಣ ಇಲಾಖೆ
ಮನೆಕಸುಬು ಶಾಖೆ, ಮೂರನೇ ಮಹಡಿ (ಲಿಫ್ಟ್ ಕೆಟ್ಟಿದೆ)

ಸುತ್ತೋಲೆ ಸಂಖ್ಯೆ: ಬನಿಇ/ಮಕ/೪೭(ಆ)/ತಿದ್ದುಪಡಿಯ ತಿದ್ದುಪಡಿ

ವಿಷಯ: ವಾಸದ ಮನೆಗಳಲ್ಲಿ ಕಸುಬು ನಡೆಸುವುದರ ಮೇಲಿನ ನಿರ್ಬಂಧಗಳು ಹಾಗೂ ನಾಲ್ಕನೇ ಅಡ್ಡರಸ್ತೆಯ ದರ್ಜಿಯಮ್ಮನವರ ಮುಂದಿನ ಕೋಣೆ.

ಉಲ್ಲೇಖ: (೧) ಪಕ್ಕದ ಮನೆಯ ನಿವೃತ್ತ ಮೇಷ್ಟ್ರ ದೂರು, ಹನ್ನೊಂದು ಪುಟ. (೨) ಮೊದಲ ದೂರಿನಲ್ಲಿ ಅಲ್ಪವಿರಾಮ ಬಿಟ್ಟುಹೋಗಿದೆಯೆಂದು ಅವರೇ ಕಳಿಸಿದ ಎರಡನೇ ದೂರು, ಹನ್ನೊಂದು ಪುಟ. (೩) ಅಳತೆ ಗುಮಾಸ್ತರ ವರದಿ, ಅರ್ಧ ಪುಟ.

ಸದರಿ ದರ್ಜಿಯಮ್ಮನವರು ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರವಿಟ್ಟುಕೊಂಡು ಹದಿನಾಲ್ಕು ವರ್ಷಗಳಿಂದ ಬಟ್ಟೆ ಹೊಲಿಯುತ್ತಿದ್ದು, ನಿಯಮ ಮೀರಿರುವುದು ಸಾಬೀತಾದರೆ ಕೋಣೆಗೆ ಈ ತಿಂಗಳಲ್ಲೇ ಬೀಗ ಹಾಕತಕ್ಕದ್ದಾಗಿದೆ. ಬೀಗ ಬಿದ್ದರೆ ಅವರು ಪೇಟೆಯಲ್ಲಿ ಅಂಗಡಿ ಹಿಡಿಯಬೇಕು. ಪೇಟೆಗೆ ಹೋದರೆ, ಎದ್ದು ಓಡಾಡಲಾಗದ ಅತ್ತೆಗೆ ಹಗಲಿಡೀ ಒಂದು ಲೋಟ ನೀರು ಕೊಡುವವರಿಲ್ಲ. ಇದು ಇಲಾಖೆಗೆ ಸಂಬಂಧಿಸಿದ ವಿಷಯವಲ್ಲ. ಆದರೂ ಕಡತದಲ್ಲಿ ಇರಲಿ ಎಂದು ಬರೆಯಲಾಗಿದೆ. ಈ ಹಿನ್ನೆಲೆಯಲ್ಲಿ ಎಲ್ಲ ಸಿಬ್ಬಂದಿಗೂ ಸಾರ್ವಜನಿಕರಿಗೂ ಕೆಳಕಂಡಂತೆ ತಿಳಿಸಲಾಗಿದೆ.

೧. ಮನೆಯ ಕಾಲು ಭಾಗಕ್ಕಿಂತ ಹೆಚ್ಚು ಜಾಗವನ್ನು ಕಸುಬಿಗೆ ಬಳಸತಕ್ಕದ್ದಲ್ಲ. ದರ್ಜಿಯಮ್ಮನವರ ಬಟ್ಟೆಗಂಟುಗಳು ಅತ್ತೆಯ ಮಂಚದ ಕೆಳಗಿರುವುದರಿಂದ, ಮಂಚದ ಮೇಲ್ಭಾಗವನ್ನು ವಾಸವೆಂದೂ ಕೆಳಭಾಗವನ್ನು ವಾಣಿಜ್ಯವೆಂದೂ ಪರಿಗಣಿಸಲಾಗಿದೆ. ಅತ್ತೆಯವರು ಕಾಲು ಇಳಿಬಿಟ್ಟು ಕೂತಾಗ ಆ ಕಾಲುಗಳು ಯಾವ ವಲಯಕ್ಕೆ ಸೇರುತ್ತವೆಂಬುದು ಮೇಲಧಿಕಾರಿಗಳ ಪರಿಶೀಲನೆಯಲ್ಲಿದೆ.

೨. ಯಂತ್ರದ ಸದ್ದು ಅಕ್ಕಪಕ್ಕದ ಮನೆಗಳ ಸಹಜ ಸದ್ದನ್ನು ಮೀರತಕ್ಕದ್ದಲ್ಲ. ಮಧ್ಯಾಹ್ನ ಎರಡೂವರೆಗೆ ಅಳೆದು ನೋಡಲಾಗಿ, ದೂರುದಾರ ಮೇಷ್ಟ್ರ ಗೊರಕೆಯಲ್ಲಿ ಯಂತ್ರದ ಸದ್ದು ಪತ್ತೆಯಾಗಲಿಲ್ಲ. ಗೊರಕೆಗೆ ಪರವಾನಗಿ ಪಡೆಯಲಾಗಿದೆಯೇ ಎಂದು ಮೇಷ್ಟ್ರಿಗೆ ಪ್ರತ್ಯೇಕ ನೋಟಿಸು ನೀಡಲಾಗುವುದು.

೩. ಮನೆಕಸುಬಿಗೆ ಆಳುಗಳನ್ನು ಇಟ್ಟುಕೊಳ್ಳತಕ್ಕದ್ದಲ್ಲ. ಅತ್ತೆಯವರು ಕೂತಲ್ಲೇ ಗುಂಡಿ ಹಾಕುತ್ತಿರುವುದು ಕಂಡುಬಂದು ಹೇಳಿಕೆ ಪಡೆಯಲಾಗಿದೆ: ‘ಸೊಸೆ ಹಾಕಿದ ಗುಂಡಿ ಎರಡೇ ದಿನಕ್ಕೆ ಕಿತ್ತು ಬರುತ್ತೆ, ಅದಕ್ಕೇ ನಾನು ಹಾಕ್ತೀನಿ.’ ಇದು ಉದ್ಯೋಗವಲ್ಲ, ಅತ್ತೆತನ ಎಂದು ತೀರ್ಮಾನಿಸಲಾಗಿದೆ.

೪. ಬಟ್ಟೆ ಹಿಡಿದು ಬರುವ ಹೊರಗಿನವರು ದಿನಕ್ಕೆ ಆರು ಜನ ಮೀರತಕ್ಕದ್ದಲ್ಲ. ನೆಂಟರಿಗೆ ಮಿತಿಯಿಲ್ಲ. ಎಣಿಕೆಗಾಗಿ ಅಳತೆ ಗುಮಾಸ್ತರು ಬಾಗಿಲ ಪಕ್ಕ ಸ್ಟೂಲು ಹಾಕಿಕೊಂಡು ಬೆಳಗಿನಿಂದ ಸಂಜೆಯವರೆಗೆ ಕೂತು, ಬಂದವರನ್ನೆಲ್ಲ ‘ಇವರು ನಿಮಗೆ ಏನಾಗಬೇಕು?’ ಎಂದು ಕೇಳಿ ನಮೂನೆ ಒಂಬತ್ತರಲ್ಲಿ ಭರ್ತಿ ಮಾಡಿರುತ್ತಾರೆ. ಬಂದವರು ನಲವತ್ತೊಂದು ಜನ. ‘ಅಕ್ಕ’ ಎಂದವರು ಮೂವತ್ತೆಂಟು, ‘ಅತ್ತಿಗೆ’ ಎಂದವರು ಇಬ್ಬರು. ಅಂಚೆಯವರು ‘ಅಮ್ಮ’ ಎಂದಿದ್ದಾರೆ. ಅಂಚೆಯವರಿಗೆ ಐವತ್ತೆಂಟು ವರ್ಷ, ದರ್ಜಿಯಮ್ಮನವರಿಗೆ ನಲವತ್ನಾಲ್ಕು. ಈ ಬಗ್ಗೆ ವಿವರಣೆ ಕೇಳಲಾಗಿ, ‘ಅಮ್ಮಾ ಅನ್ನದೆ ಮತ್ತೇನು ಅಂತಾರೆ ಸಾರ್?’ ಎಂದು ಇಲಾಖೆಯನ್ನೇ ಮರುಪ್ರಶ್ನಿಸಿದ್ದಾರೆ. ಆ ದಿನ ಬಂದ ಹೊರಗಿನವರ ಒಟ್ಟು ಸಂಖ್ಯೆ: ಸೊನ್ನೆ.

೫. ಅದೇ ಪ್ರಶ್ನೆಯನ್ನು ಮೇಷ್ಟ್ರಿಗೂ ಕೇಳಲಾಗಿದೆ. ‘ಏನಾಗಬೇಕು ಅಂದ್ರೆ, ಮಗಳಿದ್ದ ಹಾಗೆ ಕಣಯ್ಯ. ಹೇಳಿದ ಮಾತು ಕೇಳಲ್ಲ, ಅಷ್ಟೇ’ ಎಂದಿರುತ್ತಾರೆ. ನಮೂನೆಯಲ್ಲಿ ‘ಇದ್ದ ಹಾಗೆ’ ಎಂದು ಬರೆಯುವಷ್ಟು ಜಾಗವಿಲ್ಲದ ಕಾರಣ ‘ಮಗಳು’ ಎಂದಷ್ಟೇ ನಮೂದಿಸಲಾಗಿದೆ. ಅಪ್ಪ ಮಗಳ ಜಗಳದಲ್ಲಿ ಮೂಗು ತೂರಿಸಲು ಇಲಾಖೆಗೆ ಅಧಿಕಾರವಿಲ್ಲ. ಎರಡೂ ದೂರುಗಳನ್ನು ವಿಲೇವಾರಿ ಮಾಡಲಾಗಿದೆ.

೬. ಇನ್ನು ಮುಂದೆ ಎಲ್ಲ ಮನೆಕಸುಬುಗಳಿಗೂ ಅನ್ವಯಿಸುವಂತೆ, ಬಂದವರು ಬಾಗಿಲಲ್ಲೇ ಅಳತೆ ಕೊಟ್ಟು ಓಡತಕ್ಕದ್ದಲ್ಲ. ‘ಯಾಕೆ ಇಷ್ಟು ಸೊರಗಿದ್ದೀಯ’ ಎಂದು ವಿಚಾರಿಸಿದ ನಂತರವೇ ಚೀಲದಿಂದ ಬಟ್ಟೆ ತೆಗೆಯತಕ್ಕದ್ದು. ‘ನಾಳೆ ಬಾ’ ಎಂದು ಕನಿಷ್ಠ ಮೂರು ಸಲ ಹೇಳುವುದು ಕಡ್ಡಾಯ. ಹೇಳಿದ ದಿನಕ್ಕೆ ಹೊಲಿದು ಕೊಟ್ಟರೆ ಅದನ್ನು ವ್ಯಾಪಾರವೆಂದೇ ಪರಿಗಣಿಸಿ ಕ್ರಮ ಜರುಗಿಸಲಾಗುವುದು.

೭. ಊರಿಗೆ ಊರೇ ಒಬ್ಬ ಹೆಂಗಸಿಗೆ ತಮ್ಮ, ತಂಗಿ ಆಗುವುದುಂಟೇ ಎಂದು ಸಿಟ್ಟಿಗೆದ್ದ ಕೆಳಸಹಿದಾರರು (ಶಾಖಾಧಿಕಾರಿ), ಬೀಗದ ಆದೇಶವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಕಳೆದ ಸೋಮವಾರ ಖುದ್ದಾಗಿ ಸ್ಥಳಕ್ಕೆ ಹೋಗಿರುತ್ತಾರೆ. ಆದೇಶ ಹೊರತೆಗೆಯುವ ಮೊದಲೇ ದರ್ಜಿಯಮ್ಮನವರು, ‘ಬನ್ನಿ ಅಣ್ಣಾ. ಕಾಲರ್ ಇಷ್ಟು ಸವೆದಿದೆ, ಮನೇಲಿ ಯಾರೂ ಹೇಳಲಿಲ್ವಾ? ಬಿಚ್ಚಿಕೊಡಿ, ತಿರುಗಿಸಿ ಹೊಲಿದುಬಿಡ್ತೀನಿ’ ಎಂದಿದ್ದಾರೆ. ಹೇಳುವವರು ಮನೆಯಲ್ಲಿ ಯಾರೂ ಇಲ್ಲವೆಂದು ತಿಳಿಸುವ ಅಗತ್ಯ ಕಂಡುಬರಲಿಲ್ಲ. ಕೆಳಸಹಿದಾರರು ಬನಿಯನ್ನಿನಲ್ಲಿ ಇಪ್ಪತ್ತು ನಿಮಿಷ ಮಂಚದ ತುದಿಯಲ್ಲಿ ಕೂತಿದ್ದು, ಆ ಅವಧಿಯಲ್ಲಿ ಅತ್ತೆಯವರು ಊಟವಾಯಿತೇ ಎಂದು ಎರಡು ಬಾರಿ ವಿಚಾರಿಸಿರುತ್ತಾರೆ. ಅಂಗಿ ವಾಪಸು ಕೊಡುವಾಗ ದರ್ಜಿಯಮ್ಮನವರು, ‘ಇದು ಜೇಬಲ್ಲಿತ್ತು ಅಣ್ಣಾ’ ಎಂದು ಆದೇಶವನ್ನೂ ಕೈಗಿತ್ತಿದ್ದಾರೆ. ಓದಿದ್ದರು. ಕೆಳಸಹಿದಾರರಿಗೆ ಎಲ್ಲಿ ನೋಡಬೇಕೆಂದು ತೋಚದೆ ಕಾಲರನ್ನೇ ಪರಿಶೀಲಿಸಲಾಯಿತು. ಹೊಲಿಗೆ ತೃಪ್ತಿಕರವಾಗಿದೆ.

೮. ನೆಂಟರು ನೆಂಟರ ವಿರುದ್ಧ ಆದೇಶ ಹೊರಡಿಸತಕ್ಕದ್ದಲ್ಲವೆಂಬುದು ಇಲಾಖೆಯ ಹಳೆಯ ನಿಯಮ. ಬೇರೆ ಅಧಿಕಾರಿಗೆ ಪ್ರಕರಣ ಒಪ್ಪಿಸಲು ಯತ್ನಿಸಲಾಗಿ, ಉಳಿದ ಮೂವರೂ ಆಕೆ ತಮಗೂ ಅಕ್ಕನೇ ಎಂದು ಲಿಖಿತವಾಗಿ ತಿಳಿಸಿದ್ದಾರೆ. ಆದ್ದರಿಂದ ಬೀಗದ ಆದೇಶವನ್ನು ಈ ಮೂಲಕ ಶಾಶ್ವತವಾಗಿ ರದ್ದುಪಡಿಸಲಾಗಿದೆ.

ಸಹಿ/-
ಶಾಖಾಧಿಕಾರಿ
ಮನೆಕಸುಬು ಶಾಖೆ

ಪ್ರತಿಗಳು:
೧. ದರ್ಜಿಯಮ್ಮನವರಿಗೆ, ಮಾಹಿತಿಗಾಗಿ. ಹೆದರುವ ಅಗತ್ಯವಿರುವುದಿಲ್ಲ.
೨. ಮೇಷ್ಟ್ರಿಗೆ, ಕೆಂಪು ಪೆನ್ನು ಮುಟ್ಟದೆ ಓದಿಕೊಳ್ಳಲು.
೩. ಅಳತೆ ಗುಮಾಸ್ತರಿಗೆ, ಕಚೇರಿಯ ಸ್ಟೂಲನ್ನು ವಾಪಸು ತರಲು ಹಾಗೂ ತಾವೂ ವಾಪಸು ಬರಲು.
೪. ಸಿಬ್ಬಂದಿ ಶಾಖೆಗೆ, ಕೆಳಸಹಿದಾರರ ಸೇವಾ ಪುಸ್ತಕದಲ್ಲಿ ಕುಟುಂಬದ ವಿವರದ ಮುಂದೆ ಇಪ್ಪತ್ತೊಂಬತ್ತು ವರ್ಷಗಳಿಂದ ಇರುವ ‘ಯಾರೂ ಇಲ್ಲ’ ಎಂಬುದನ್ನು ಹೊಡೆದುಹಾಕಿ, ‘ತಂಗಿ, ಒಬ್ಬಳು’ ಎಂದು ಬರೆದುಕೊಳ್ಳಲು.