ಯಮನಪ್ಪನ ಭಾಷಣಕ್ಕೊಂದು ಪ್ರಶ್ನೆ

ಯಮನಪ್ಪ ಕುರ್ಚಿಗಳ ಧೂಳು ಒರೆಸುತ್ತಿದ್ದ. ಲಕಮನಹಳ್ಳಿಯ ಕಾರ್ಖಾನೆಯೊಂದರ ಕಾರ್ಮಿಕ ಸಂಘದ ಈ ಕೋಣೆಯಲ್ಲಿ ತಿಂಗಳಿಗೊಮ್ಮೆ ಅವನ ಭಾಷಣ. ಕಳೆದ ಎರಡು ಸಲವೂ ಕೇಳುಗರು ಉಪ್ಪಿಟ್ಟು ತಿಂದು, ಒಂದು ಪ್ರಶ್ನೆಯನ್ನೂ ಕೇಳದೆ ಎದ್ದು ಹೋಗಿದ್ದರು.

"ಇವತ್ತೂ ಯಾರೂ ಪ್ರಶ್ನಿ ಕೇಳಲಿಲ್ಲಂದ್ರ ನಿನ್ನ ಭಾಷಣ ಬಂದ್. ಈ ಖೋಲ್ಯಾಗ ಕೇರಂ ಬೋರ್ಡ್ ಹಾಕತೇವಿ," ಎಂದಿದ್ದ ಸಂಘದ ಕಾರ್ಯದರ್ಶಿ ಮುರುಗೆಪ್ಪ.

ಯಮನಪ್ಪ ಹಟ ತೊಟ್ಟ. ಜಗಳವಾದರೂ ಆಗಲಿ, ಜನ ಬಾಯಿ ಬಿಡಬೇಕು. ಬಾಗಿಲ ಪಕ್ಕದ ಹಲಗೆಯ ಮೇಲೆ ದಪ್ಪಗೆ ಬರೆದ: 'ಇಸ್ಲಾಂ ಮತ್ತು ಜಗತ್ತಿನ ಧರ್ಮಗಳು, ಸಮಾಜವಾದಿಗಳು ಕಂಡಂತೆ.'

ಅದನ್ನೋದಿದ ಮುರುಗೆಪ್ಪ ಬಿಸಿ ಮಿರ್ಚಿ ನುಂಗಿದವನಂತಾದ. "ಇಸ್ಲಾಂ ತಗದು ಶರಣರನ್ನ ಹಾಕೋ ಮಾರಾಯಾ!"

"ಯಾಕ್ರಿ ತಗಿಯೂದು?" ವೆಲ್ಡರ್ ಬಿಲಾಲ ಹಿಂದಿನಿಂದ ಬಂದ. "ಹೊಗಳತಾನೋ ಬೈತಾನೋ ನಾನೂ ಕೇಳಬೇಕಲ್ಲ."

"ನಮ್ಮ ಯೇಸುಸ್ವಾಮಿದೂ ಒಂಚೂರು ಇರಲೆಪ್ಪಾ," ಎಂದಳು ಕ್ಯಾಂಟೀನಿನ ದಯಾವತಿ.

"ಎಲ್ಲಾರದೂ ಐತಿ ಅಕ್ಕಾ. ಒಂದಕ್ಷರ ತಗಿಯೂದಿಲ್ಲ."

ದಯಾವತಿ ಹಿಗ್ಗಿ ಪ್ಯಾಕಿಂಗ್ ವಿಭಾಗಕ್ಕೆಲ್ಲ ಸಾರಿಬಿಟ್ಟಳು: "ಯಮನಪ್ಪ ಎಲ್ಲಾ ಧರ್ಮದ್ದೂ ಹೇಳತಾನಂತ, ಬರ್ರಿ!"

ಸಂಜೆ ನಾಲ್ಕಕ್ಕೆ ಬಾಗಿಲ ಹೊರಗೆ ಚಪ್ಪಲಿಗಳ ಗುಡ್ಡೆ. ಶ್ರಾವಣದ ಪ್ರವಚನಕ್ಕೆ ಬಂದವರಂತೆ ಜನ ಕಾಯಿ, ಹೂಮಾಲೆ, ಊದಿನಕಡ್ಡಿ ಹಿಡಿದು ಬಂದು ನೆಲದ ಮೇಲೆಯೇ ಕೂತರು. ಕುರ್ಚಿಗಳೆಲ್ಲ ಖಾಲಿ.

ಯಮನಪ್ಪ ಎದೆಗುಂದಲಿಲ್ಲ. ಗುಡುಗಿದ. "ಇಸ್ಲಾಂ ಹುಟ್ಟಿದ್ದು ಸಿರಿವಂತರ ವಿರುದ್ಧ ಬಡವರ ಸಿಟ್ಟಿನಿಂದ ಅಂತಾರ ಕೆಲವು ಸಮಾಜವಾದಿಗಳು. ಅಲ್ಲ, ವ್ಯಾಪಾರದ ದಾರಿಗಳಿಂದ ಅಂತಾರ ಉಳಿದವರು. ಆದ್ರ ಯಾವ ಧರ್ಮ ಇರಲಿ, ಅರಸರ ಕೈಗೆ ಸಿಕ್ಕ ಮ್ಯಾಲೆ ಬಡವರ ಬಾಯಿಗೇ ಬೀಗ! ತಲಿ ಬಾಗಬ್ಯಾಡ್ರಿ, ಪ್ರಶ್ನಿ ಕೇಳ್ರಿ!"

ಭಾಷಣ ನಡೆದ ಒಂದು ತಾಸೂ ಯಾರೂ ಮಿಸುಕಲಿಲ್ಲ. ಬಿಲಾಲ ಕಣ್ಣೊರೆಸಿಕೊಂಡ. ಮುರುಗೆಪ್ಪ ಗಡಿಯಾರ ನೋಡಿ ಎದ್ದ. "ಪ್ರಶ್ನಿ ಅದಾವೇನ್ರಿ?"

ಕಸ ಗುಡಿಸುವ ಮುದುಕಿ ಕಾಳವ್ವ ಎದ್ದು ನಿಂತಳು. ಪ್ರಶ್ನೆ ಬಂತೆಂದು ಯಮನಪ್ಪ ಮುಂದಕ್ಕೆ ಬಾಗಿದ. ಅವಳು ನೇರ ಬಂದು, ಅವನ ಕೊರಳಿಗೆ ಹೂಮಾಲೆ ಹಾಕಿ, ಕಾಲಿಗೆ ಬಿದ್ದಳು.

"ಯವ್ವಾ, ಏಳು! ಏನರ ಕೇಳಬೇ!"

"ಹೇಳಿದ್ದೆಲ್ಲಾ ಖರೇ ಐತ್ರಿ ಯಪ್ಪಾ. ಗುರುಗಳಿಗೆ ತಿರುಗಿ ಪ್ರಶ್ನಿ ಕೇಳಬಾರದು."

ಅವಳ ಹಿಂದೆ ಕಾಲಿಗೆ ಬೀಳುವವರ ಸಾಲು ಬೆಳೆಯಿತು. ಮುರುಗೆಪ್ಪ ಅಳತೆಪಟ್ಟಿ ತೆಗೆದು ಕೇರಂ ಬೋರ್ಡಿಗೆ ಜಾಗ ಅಳೆಯತೊಡಗಿದ.

ಮಾಲೆಗಳ ನಡುವಿನಿಂದ ಯಮನಪ್ಪ ಕೈಮುಗಿದ. "ಯಾರರ ಒಂದ ಒಂದು ಪ್ರಶ್ನಿ ಕೇಳ್ರಿ."