ಪರದೆ ಕಪ್ಪಾದರೆ ನನಗೇನು

ಭಾಮೈದ: ಕಂಪ್ಯೂಟರ್ ಸತ್ತೇಹೋಯ್ತು ಭಾವ. ಪರದೆ ಪೂರ್ತಿ ಕಪ್ಪು.

ಭಾವ: ಅದು ಮನೆಗೆ ಬಂದ ದಿನದಿಂದ ನನಗೆ ಕಪ್ಪೇ ಕಣಪ್ಪ. ನಾನು ಯಾವತ್ತಾದ್ರೂ ದೂರು ಹೇಳಿದ್ನಾ?

ಈ ಭಾವನಿಗೆ ಹುಟ್ಟಿನಿಂದಲೇ ಕಣ್ಣು ಕಾಣದು. ದೇವರು ಆ ಬಾಕಿಯನ್ನೆಲ್ಲ ನಾಲಿಗೆಯಲ್ಲಿ ತುಂಬಿಕೊಟ್ಟಿದ್ದ. ರೇಡಿಯೋ ನಾಟಕ ಬರೆಯುವುದು ಅವನ ಕಸುಬು. ಅವನು ಒತ್ತಿದ ಅಕ್ಷರವನ್ನೂ ತೆರೆದ ಪುಟವನ್ನೂ ಕಂಪ್ಯೂಟರು ಗಟ್ಟಿಯಾಗಿ ಓದಿ ಹೇಳುತ್ತದೆ, ಅವನು ಕೇಳಿಸಿಕೊಂಡು ಬರೆಯುತ್ತಾನೆ. ಹೊಸ ನಾಟಕ ಇಂದು ಸಂಜೆಯೊಳಗೆ ರೇಡಿಯೋದವರ ಕೈ ಸೇರಬೇಕಿತ್ತು. ಬರೆದು ಮುಗಿಸಿಯೂ ಆಗಿತ್ತು. ಕಳಿಸುವ ಮುಂಚೆ ಊಟ ಮಾಡಿ ಒಂದು ಸಣ್ಣ ನಿದ್ದೆ ತೆಗೆಯೋಣವೆಂದು ಎದ್ದದ್ದೇ ತಪ್ಪಾಯಿತು. ಎಚ್ಚರವಾಗುವಷ್ಟರಲ್ಲಿ ಹೆಂಡತಿಯ ತಮ್ಮ ಅವನ ಕುರ್ಚಿಯಲ್ಲಿ ಕೂತು ರಾಜ್ಯಭಾರ ನಡೆಸುತ್ತಿದ್ದ.

ಭಾವ: ನೆಟ್ಟಗೆ ಓಡ್ತಿದ್ದದ್ದನ್ನ ಮುಟ್ಟಿದ್ದಾದ್ರೂ ಯಾಕೆ?

ಭಾಮೈದ: ಅಕ್ಕನೇ ಹೇಳಿದ್ದು. ಧಾರಾವಾಹಿ ನೋಡುವಾಗ ಚಿತ್ರ ತಡೆದು ತಡೆದು ಬರ್ತಿತ್ತಂತೆ. ಅದಕ್ಕೇ ಹೊಸ ಕರ್ನಲ್ ಹಾಕಿದೆ. ಕರ್ನಲ್ ಅಂದ್ರೆ ಒಳಗಿನ ತಿರುಳು ಭಾವ. ಪರದೆ, ಕೀಬೋರ್ಡು, ಡಿಸ್ಕು, ಎಲ್ಲಕ್ಕೂ ಕೆಲಸ ಹೇಳೋ ಯಜಮಾನ.

ಭಾವ: ಅಂದ್ರೆ ಮನೆ ಯಜಮಾನ ಮಲಗಿದ್ದಾಗ ಕಂಪ್ಯೂಟರಿನ ಯಜಮಾನನ್ನ ಬದಲಾಯಿಸಿದೆ. ಭೇಷ್! ನೀನು ಮಾರೋದು ಬಚ್ಚಲುಮನೆ ಟೈಲ್ಸ್ ಅಲ್ವೇನೋ? ಈ ವಿದ್ಯೆ ಯಾವಾಗ ಕಲಿತೆ?

ಭಾಮೈದ: ವಿಡಿಯೋ ನೋಡಿ ಕಲಿತದ್ದು. ಈಗಿನ ಕಾಲದಲ್ಲಿ ಎಲ್ಲಾರೂ ಹಾಗೇ ಕಲಿಯೋದು.

ಭಾವ: ಪುಣ್ಯಕ್ಕೆ ನೀನು ಆಪರೇಷನ್ ವಿಡಿಯೋ ನೋಡಿಲ್ಲ. ಹೋಗ್ಲಿ, ಹೊಸ ಯಜಮಾನ ಕೆಲಸಕ್ಕೆ ಬಾರದವನಾದ್ರೆ ಹಳಬನನ್ನ ಕರೆಯೋದು. ಆನ್ ಆಗುವಾಗ ಹಳೇ ಕರ್ನಲ್ ಆರಿಸಿಕೊಳ್ಳೋಕೆ ದಾರಿ ಇರತ್ತಲ್ಲ?

ಭಾಮೈದ: ಇರತ್ತೆ. ಅಂದ್ರೆ... ಇತ್ತು.

ಭಾವ: ಇತ್ತು?

ಭಾಮೈದ: ಸುಮ್ನೆ ಜಾಗ ತಿನ್ನತ್ತೆ ಅಂತ ಅಳಿಸಿಬಿಟ್ಟೆ.

ಭಾವ: ಹೊಸ ಚಪ್ಪಲಿ ಕಾಲಿಗೆ ಹಿಡಿಸತ್ತೋ ಇಲ್ವೋ ನೋಡೋ ಮೊದಲೇ ಹಳೇದನ್ನ ಎಸೆದುಬಂದೆ. ಈಗ ಬರಿಗಾಲಲ್ಲಿ ನಡೆಯೋನು ನಾನು.

ಒಳಮನೆಯಲ್ಲಿ ಬಟ್ಟೆ ಮಡಚುತ್ತಿದ್ದ ಅಕ್ಕನ ದನಿ ಗೋಡೆ ದಾಟಿ ಬಂತು.

ಅಕ್ಕ: ಏನ್ರೀ ಅದು ಗಲಾಟೆ? ಪಾಪ, ಅವನು ಏನೋ ಒಳ್ಳೇದು ಮಾಡೋಕೆ ಬಂದಿದ್ದಾನೆ!

ಭಾವ: ಹೌದಮ್ಮ, ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ. ಅದೂ ಒಳ್ಳೇದಕ್ಕೇ ಇರಬೇಕು!

ಅಕ್ಕ: ನಿಮ್ಮ ಗಾದೆ ನಿಮ್ಮ ನಾಟಕಕ್ಕಿರಲಿ. ಲೋ, ಸಂಜೆ ಧಾರಾವಾಹಿಯ ಕೊನೇ ಕಂತು. ಅಷ್ಟರಲ್ಲಿ ಸರಿ ಮಾಡಿಡು.

ಭಾಮೈದ ಗುಂಡಿ ಒತ್ತಿ ಆರಿಸಿದ, ಮತ್ತೆ ಒತ್ತಿ ಹಚ್ಚಿದ. ಭಾವ ಕಿವಿ ನೆಟ್ಟ. ಫ್ಯಾನು ಗುಂಯ್‌ಗುಟ್ಟಿತು. ಡಿಸ್ಕು ಕರಕರ ಅಂದಿತು, ಸ್ವಲ್ಪ ಹೊತ್ತಿಗೆ ದಿನದ ಹಾಗೇ ಸುಮ್ಮನಾಯಿತು. ಸತ್ತ ಯಂತ್ರ ಇಷ್ಟು ಕ್ರಮವಾಗಿ ಉಸಿರಾಡುತ್ತದೆಯೇ ಎಂದು ಅವನಿಗೆ ಅನುಮಾನ ಬಂತು.

ಭಾವ: ಏನಾದ್ರೂ ಕಾಣ್ತಾ?

ಭಾಮೈದ: ಮೊದಲು ಕಂಪನಿಯ ಚಿತ್ರ ಬರತ್ತೆ, ಆಮೇಲೆ ಕಪ್ಪು. ಎಂಟರ್ ಒತ್ತಿ ಒತ್ತಿ ಬೆರಳು ನೋಯ್ತಿದೆ.

ಭಾವ: ಮತ್ತೆ ಅದು ಯಾಕೆ ಮಾತಾಡ್ತಿಲ್ಲ?

ಭಾಮೈದ: ಜೀವ ಇದ್ರೆ ತಾನೇ ಭಾವ ಮಾತು? ನೋಡಿ, ಒಂದೇ ದಾರಿ. ಪೆನ್ ಡ್ರೈವ್ ತಂದಿದ್ದೀನಿ. ಎಲ್ಲಾ ಒರೆಸಿ ಹಾಕಿ, ಹೊಸದಾಗಿ ಶುರು ಮಾಡೋಣ. ನಾಟಕದ ಬ್ಯಾಕಪ್ ಹೇಗೂ ಇಟ್ಟಿರ್ತೀರಲ್ಲ?

ಭಾವ: ಇಟ್ಟಿದ್ದೀನಿ.

ಭಾಮೈದ: ಎಲ್ಲಿ?

ಭಾವ: ಅದರಲ್ಲೇ. ಬೇರೆ ಫೋಲ್ಡರಿನಲ್ಲಿ.

ಇಷ್ಟು ಹೊತ್ತೂ ಮಾತಿನಲ್ಲಿ ಗೆಲ್ಲುತ್ತಿದ್ದ ಭಾವನಿಗೆ ಆ ಉತ್ತರ ತನ್ನ ಕಿವಿಗೇ ಬಿದ್ದಾಗ ಅದರ ಅರ್ಥ ಹೊಳೆಯಿತು. ಮಳೆಗಾಲವಿಡೀ ಕೂತು ಬರೆದ ನಾಟಕ. ಅದರ ಮುದುಕಿಯ ಪಾತ್ರವನ್ನಂತೂ ತನ್ನ ಸ್ವಂತ ತಾಯಿಯ ಮಾತುಗಳನ್ನು ಒಂದೊಂದಾಗಿ ನೆನಪಿಸಿಕೊಂಡು ಕಟ್ಟಿದ್ದ. ಅದನ್ನು ಎರಡನೇ ಸಲ ಬರೆಯಲು ಅವನಿಂದಾಗದು.

ಭಾಮೈದ: ಭಾವಾ... ಅದರಲ್ಲೇ ಇಟ್ರೆ ಅದಕ್ಕೆ ಬ್ಯಾಕಪ್ ಅಂತಾರಾ?

ಭಾವ: ಬೀಗದ ಕೈಯನ್ನ ಪೆಟ್ಟಿಗೆ ಒಳಗೇ ಇಟ್ಟ ಮೂರ್ಖ ನಾನು, ಒಪ್ಪಿದೆ. ಅದಕ್ಕೆ ನೀನು ಪೆಟ್ಟಿಗೆಗೇ ಬೆಂಕಿ ಇಡಬೇಕಾ? ನೆಗಡಿ ಬಂತು ಅಂತ ಮೂಗು ಕೊಯ್ಯೋ ವೈದ್ಯ ನೀನು! ಪೆನ್ ಡ್ರೈವ್ ಕೊಡಿಲ್ಲಿ.

ಭಾಮೈದ: ಸರಿ, ಬೇಡ. ಕೊನೇದಾಗಿ ಆ ವಿಡಿಯೋ ಇನ್ನೊಂದು ಸಲ ನೋಡಿಬಿಡ್ತೀನಿ.

ಅವನು ಬಗ್ಗಿದ. ಮೊಣಕಾಲು ಲಟಕ್ ಎಂದಿತು. ಮರುಕ್ಷಣ ಯಾರೋ ಉತ್ಸಾಹಿಯ ದನಿ ಮೊಳಗಿತು: "ಗೆಳೆಯರೇ, ಗಾಬರಿಯಾಗಬೇಡಿ! ಆದರೆ ಅದಕ್ಕೂ ಮೊದಲು ನಮ್ಮ ಚಾನೆಲ್‌ಗೆ..."

ಭಾವ: ನಿಲ್ಲಿಸು. ನಿನ್ನ ಗುರುಗಳು ಮೇಜಿನ ಕೆಳಗೆ ಯಾಕೆ ಕೂತಿದ್ದಾರೆ?

ಭಾಮೈದ: ಫೋನ್ ಚಾರ್ಜಿಗೆ ಹಾಕಿದ್ದೀನಿ. ವೈರು ಗಿಡ್ಡ, ಮೇಲಕ್ಕೆ ಬರಲ್ಲ.

ಭಾವ: ಅಲ್ಲಿರೋ ಪ್ಲಗ್ ಬೋರ್ಡಿನಲ್ಲಿ ಮೂರೇ ಜಾಗ. ಒಂದು ಕಂಪ್ಯೂಟರಿಗೆ. ಒಂದು ನಿಮ್ಮಕ್ಕನ ಪರದೆಗೆ. ಇನ್ನೊಂದು ಸ್ಪೀಕರಿಗೆ. ನಿನ್ನ ಫೋನು ಯಾರ ಜಾಗದಲ್ಲಿ ಕೂತಿದೆ?

ಭಾಮೈದ ಕೂತಿದ್ದ ಕುರ್ಚಿ ಕಿರುಗುಟ್ಟಿತು.

ಭಾಮೈದ: ಅಪ್‌ಗ್ರೇಡ್ ಶುರುವಾದಾಗ್ಲೇ ಸ್ಪೀಕರ್ ಕಿತ್ತಿದ್ದೆ ಭಾವ. ಒಂದೊಂದು ಸಾಲನ್ನೂ ಓದಿ ಹೇಳಿ ತಲೆ ತಿಂತಿತ್ತು.

ಭಾವ: ಬಾಯಿಗೆ ಬಟ್ಟೆ ತುರುಕಿ, ಆಮೇಲೆ ಮಾತಾಡಲ್ಲ, ಸತ್ತಿದೆ ಅಂತ ಊರಿಗೆಲ್ಲ ಹೇಳಿಬಂದೆ. ಹಾಕು ಮೊದಲು!

ಪ್ಲಗ್ಗು ಕೂತ ಸದ್ದಾಯಿತು. ಸ್ಪೀಕರು ಗೊರ್ ಅಂದಿತು. ಭಾಮೈದ ಅಳುಕುತ್ತ ಎಂಟರ್ ಒತ್ತಿದ. ಎಂದಿನ ಆ ನಯವಾದ ಹೆಣ್ಣುದನಿ ಹೇಳಿತು: "ಪಾಸ್‌ವರ್ಡ್ ತಪ್ಪಾಗಿದೆ. ದಯವಿಟ್ಟು ಮತ್ತೆ ಪ್ರಯತ್ನಿಸಿ."

ಭಾವ: ಕೇಳಿಸ್ತಾ? ಆಗಿನಿಂದ ಅದು ನಿನಗೆ ಬುದ್ಧಿ ಹೇಳ್ತಾನೇ ಇದೆ. ದಯವಿಟ್ಟು ಅಂತ ಬೇರೆ ಅಂತಿದೆ. ನಾನಾಗಿದ್ರೆ ಅಂತಿರಲಿಲ್ಲ.

ಭಾಮೈದ: ಆದ್ರೆ ಪರದೆ ಇನ್ನೂ ಕಪ್ಪಗೇ ಇದೆಯಲ್ಲ ಭಾವ?

ಭಾವ: ಹೊಸ ಯಜಮಾನನಿಗೆ ಪರದೆಯ ಪರಿಚಯ ಆಗಿಲ್ಲ, ಅಷ್ಟೆ. ನನ್ನ ಪರಿಚಯ ಇದೆ, ಸಾಕು. ಏಳು ಮೇಲೆ.

ಬೆಚ್ಚಗಾಗಿದ್ದ ಕುರ್ಚಿಯಲ್ಲಿ ಭಾವ ಕೂತ. ಬೆರಳುಗಳು ಪಾಸ್‌ವರ್ಡ್ ಒತ್ತಿ ತಮ್ಮ ದಾರಿ ಹಿಡಿದವು. ಸ್ಪೀಕರು ನಾಟಕದ ಹೆಸರು ಹೇಳಿತು, ಮುದುಕಿಯ ಮೊದಲ ಮಾತು ಹೇಳಿತು. ಭಾವ ಒಂದು ಕ್ಷಣ ಕೈ ನಿಲ್ಲಿಸಿ ಅದನ್ನು ಪೂರ್ತಿ ಕೇಳಿದ. ಆಮೇಲೆ ಕಳಿಸಿದ. "ಸಂದೇಶ ರವಾನೆಯಾಗಿದೆ" ಎಂದಿತು ಹೆಣ್ಣುದನಿ. ಬ್ಯಾಕಪ್ಪನ್ನು ಮರೆಯದೆ ಭಾಮೈದನ ಪೆನ್ ಡ್ರೈವಿಗೇ ಹಾಕಿಕೊಂಡು, ಅದನ್ನು ತನ್ನ ಜೇಬಿಗಿಳಿಸಿದ.

ಭಾಮೈದ: ಅಬ್ಬಾ! ಎಲ್ಲಾ ಸುಖಾಂತ್ಯ ಆಯ್ತಲ್ಲ ಭಾವ. ನಾನಿನ್ನು ಬರ್ತೀನಿ.

ಭಾವ: ಕೂತ್ಕೊಳ್ಳಪ್ಪ. ಸುಖಾಂತ್ಯ ಆಗಿರೋದು ನನ್ನ ನಾಟಕಕ್ಕೆ. ನಿಂದು ಈಗ ಬರ್ತಿದೆ.

ಒಳಮನೆಯಿಂದ ಬಳೆಯ ಸದ್ದು ಹತ್ತಿರವಾಯಿತು. ಅಕ್ಕ ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತಳು.

ಅಕ್ಕ: ಇದೇನೋ ಇದು? ಬರೀ ಕಪ್ಪು! ಏನು ಮಾಡಿಟ್ಟಿದ್ದೀಯ?

ಭಾಮೈದ: ಕಂಪ್ಯೂಟರ್ ಚೆನ್ನಾಗೇ ಓಡ್ತಿದೆ ಅಕ್ಕ. ಬೇಕಾದ್ರೆ ಭಾವನ್ನ ಕೇಳು!

ಭಾವ ಕುರ್ಚಿಗೆ ಒರಗಿ, ಆರಾಮಾಗಿ ಕೈ ಕಟ್ಟಿಕೊಂಡ.

ಭಾವ: ಹೌದಮ್ಮ. ನನಗಂತೂ ಆಗಿಗೂ ಈಗಿಗೂ ಒಂದಿಷ್ಟೂ ವ್ಯತ್ಯಾಸ ಕಾಣ್ತಿಲ್ಲ.