ಮುದ್ದೆ ಬಿದ್ದರೇ ಊಟ

ಅತ್ತೆಗೆ ಊಟ ಹಾಕದ ಸೊಸೆ ಎಂಬ ಬಿರುದು ನನಗೆ ಬಂದದ್ದು ಅವರಿಗೆ ಹೊತ್ತುಹೊತ್ತಿಗೆ ತಿನ್ನಿಸಿದ್ದರಿಂದ. ವಯಸ್ಸಾದವರಿಗೆ ಪಥ್ಯ ಮಾಡಿಸಿ ಪುಣ್ಯ ಕಟ್ಟಿಕೊಳ್ಳುತ್ತೇನೆ ಎನ್ನುವವರು ಮೊದಲು ಬಾಗಲೂರಿಗೆ ಬಂದು ನನ್ನನ್ನು ಒಂದು ಮಾತು ಕೇಳಿ.

ಅತ್ತೆ ತಲೆ ಸುತ್ತಿ ಬಚ್ಚಲಲ್ಲಿ ಬಿದ್ದಾಗ ಹೊಸೂರಿನ ಡಾಕ್ಟರು, "ಬರೀ ಮುದ್ದೆ, ಉಪ್ಪಿನಕಾಯಿ ಸಾಲದು. ಹಾಲು, ಹಣ್ಣು, ಸೊಪ್ಪು, ಮೆತ್ತಗಿನ ಅನ್ನ ಕೊಡಿ. ಇನ್ನೊಂದು ಸಲ ಬಿದ್ದರೆ ಸೊಂಟ ಉಳಿಯೋದಿಲ್ಲ" ಎಂದಿದ್ದರು. ನನ್ನ ಜೀವ ಬಾಯಿಗೆ ಬಂತು. ಯುದ್ಧ ನಡೆದು ಅಕ್ಕಿಗೆ ರೇಷನ್ ಬಂದಿದ್ದ ಕಾಲ. ಸಿಕ್ಕಿದ್ದಷ್ಟನ್ನೂ ಅತ್ತೆಗೇ ಎತ್ತಿಟ್ಟೆ. ಬೆಳಿಗ್ಗೆ ಹಾಲು, ಬಾಳೆಹಣ್ಣು. ಮಧ್ಯಾಹ್ನ ಹಾಲನ್ನ, ದಂಟಿನ ಸೊಪ್ಪಿನ ಪಲ್ಯ. ಅತ್ತೆ ಒಂದನ್ನೂ ಬೇಡವೆನ್ನಲಿಲ್ಲ. ಎಲ್ಲ ಖಾಲಿ ಮಾಡಿ, ಜಗಲಿಗೆ ಹೋಗಿ ಕೂತು, ದಾರಿಯಲ್ಲಿ ಹೋಗುವವರಿಗೆಲ್ಲ "ಹೊಟ್ಟೆಗೇನೂ ಬಿದ್ದಿಲ್ಲ ಕಣವ್ವಾ" ಅನ್ನುತ್ತಿದ್ದರು!

"ಅಯ್ಯೋ ಅತ್ತೆ, ಈಗ ತಾನೆ ತಿಂದ್ರಲ್ಲಾ?"

"ಅದು ಬಾಯಾಡ್ಸಿದ್ದು ಕಣೇ. ಮುದ್ದೆ ಎಲ್ಲಿಕ್ದೆ ನೀನು?"

ಮುದ್ದೆ ಗಂಟಲಿಗಿಳಿದರೆ ಊಟ, ಮಿಕ್ಕಿದ್ದೆಲ್ಲ ಬಾಯಾಡಿಸುವುದು. ಈ ಸೀಮೆಯ ಹಿರಿಯರ ಲೆಕ್ಕವೇ ಇದು. ನನ್ನ ತವರು ಉದ್ದನಪಲ್ಲಿಯಲ್ಲಿ ತಾತ ಮದುವೆಮನೆಯ ಹೋಳಿಗೆ ಮುಗಿಸಿ ಬಂದು "ಊಟಕ್ಕಿಕ್ಕು" ಎನ್ನುತ್ತಿದ್ದ. ಆಗ ಬಿದ್ದು ಬಿದ್ದು ನಗುತ್ತಿದ್ದೆ. ಈಗ ನಾನು ಬಾವಿಕಟ್ಟೆಗೆ ಹೋದರೆ ಅಲ್ಲಿದ್ದವರ ಮಾತು ಗಪ್ಪನೆ ನಿಲ್ಲುತ್ತಿತ್ತು. ಎಲ್ಲಿಯ ನಗು?

ಅತ್ತೆಯನ್ನು ತೋರಿಸಲು ಮತ್ತೆ ಹೊಸೂರಿಗೆ ಗಾಡಿ ಕಟ್ಟಿಸಿದೆವು. "ಇವತ್ತು ಏನು ತಿಂದ್ರಿ ಅಜ್ಜಿ?" ಎಂದರು ಡಾಕ್ಟರು.

"ಏನೂ ಇಲ್ಲ ಸ್ವಾಮಿ. ನೆನ್ನೆನೂ ಇಲ್ಲ."

ಡಾಕ್ಟರು ನನ್ನತ್ತ ತಿರುಗಿದರು. "ಏನಮ್ಮಾ, ವಯಸ್ಸಾದವರನ್ನ ಹೀಗೆ ಉಪವಾಸ ಕೆಡವ್ತೀರಾ?"

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಹಾಲು, ಹಣ್ಣು ಎಂದು ನಾನು ತೊದಲುತ್ತಿದ್ದರೆ ಅತ್ತೆಯೇ, "ಅದೆಲ್ಲಾ ಕೊಟ್ಟವ್ಳೆ ಸ್ವಾಮಿ, ಸುಳ್ಯಾಕೇಳ್ಲಿ. ಊಟ ಒಂದಿಕ್ಕಿಲ್ಲ" ಎಂದರು. ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. "ಮಿಕ್ಕಿದ್ದರ ಜೊತೆಗೆ ಅರ್ಧ ಮುದ್ದೆ ಇಕ್ಕಿಬಿಡಮ್ಮ, ನಿನ್ನ ಮಾನ ಉಳೀಲಿ" ಎಂದರು.

ಉರಿಯುತ್ತಿದ್ದ ಹೊಟ್ಟೆಗೆ ಹೋಟೆಲಿನಲ್ಲಿ ಎರಡು ದೋಸೆ, ಕಾಫಿ ಹಾಕಿಕೊಂಡು ಊರಿಗೆ ಬಂದೆ. ಗಾಡಿ ಇಳಿಯುತ್ತಲೇ ಪಕ್ಕದ ಮನೆಯಾಕೆ, "ಊಟ ಆಯ್ತಾ?" ಎಂದಳು.

"ಎಲ್ಲಿ ಊಟ? ಬೆಳಿಗ್ಗೆಯಿಂದ ಹೊಟ್ಟೆಗೇನೂ ಬಿದ್ದಿಲ್ಲ!" ಎಂದುಬಿಟ್ಟೆ.

ಹಿಂದಿನಿಂದ ಅತ್ತೆಯ ದನಿ ಬಂತು. "ಎರಡು ದೋಸೆ ತಿಂದ್ಯಲ್ಲೇ?"

"ಅದು ಬಾಯಾಡ್ಸಿದ್ದು ಅತ್ತೆ" ಎಂದವಳೇ ನಾಲಿಗೆ ಕಚ್ಚಿಕೊಂಡೆ.

"ಹಂಗ್ ಬಾ ದಾರಿಗೆ" ಎಂದು ಅತ್ತೆ ಸೊಂಟ ಹಿಡಿದುಕೊಂಡೇ ಒಳಗೆ ಹೋಗಿ ಒಲೆಯ ಮೇಲೆ ಮುದ್ದೆಗೆ ಎಸರಿಟ್ಟರು. ಇಬ್ಬರಿಗೂ ಹಸಿವಾಗಿತ್ತು.